ಹುಣಸೆ ಬೀಜವನ್ನು ದುಡ್ಡು ಕೊಟ್ಟು ಯಾಕೆ ಕೊಳ್ಳುತ್ತಾರೆ?

ನಮಸ್ಕಾರ ಎಲ್ಲರಿಗೂ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಿಂದ ಒಬ್ಬರು ಕೇಳಿದ್ದಾರೆ: "ಸಾರ್, ಹುಣಸೆ ಹಣ್ಣು ಕೊಳ್ಳೋದು ಸರಿ. ಬೀಜಾನೂ ತೂಕ ಹಾಕಿ ಒಯ್ಯುತ್ತಾರಲ್ಲ, ಅದರಿಂದ ಏನು ಮಾಡುತ್ತಾರೆ?"

ಮರದ ಪರಿಚಯ ಯಾರಿಗೂ ಬೇಕಿಲ್ಲ. ಅದರ ಮೂಲ ಆಫ್ರಿಕಾ, ಅಷ್ಟು ಗೊತ್ತಿದ್ದರೆ ಸಾಕು. ಸೀದಾ ಬೀಜಕ್ಕೆ ಬರೋಣ.

[ದೃಶ್ಯ: ಸಿಪ್ಪೆ ಬಿಡಿಸಿದ ಹುಣಸೆ ಬೀಜ, ತೀರಾ ಹತ್ತಿರದಿಂದ]

ಉತ್ತರ ಚಳ್ಳಕೆರೆಯ ಕಂಬಳಿ ಮಗ್ಗದಲ್ಲೇ ಇದೆ! ಬೀಜ ಹುರಿದು ಕಂದು ಸಿಪ್ಪೆ ತೆಗೆದರೆ ಒಳಗೆ ಗಟ್ಟಿ ಬಿಳಿ ಬೇಳೆ. ನೆನೆಸಿ, ರುಬ್ಬಿ, ಕುದಿಸಿದರೆ ಅಂಟಂಟು ಗಂಜಿ. ಈಗ ಕುರಿ ಉಣ್ಣೆಯ ನೂಲು ನೋಡಿ. ಮೈತುಂಬ ಎದ್ದು ನಿಂತ ಕೂದಲು. ಹಾಗೇ ಮಗ್ಗಕ್ಕೆ ಹಾಕಿದರೆ ಒಂದಕ್ಕೊಂದು ತಿಕ್ಕಿ ಪಟ್ಟಂತ ಹರಿಯುತ್ತದೆ. ಅದಕ್ಕೇ ಹಾಸಿನ ನೂಲನ್ನು ಉದ್ದಕ್ಕೆ ಎಳೆದು ಕಟ್ಟಿ, ಕುಂಚದಿಂದ ಗಂಜಿ ಬಳಿದು ಒಣಗಿಸುತ್ತಾರೆ. ಕೂದಲು ಮಲಗುತ್ತದೆ, ನೂಲು ತಂತಿಯಂತೆ ಬಿಗಿಯುತ್ತದೆ. ಹೊಸ ಕಂಬಳಿ ಅಷ್ಟು ಬಿರುಸಾಗಿ ಇರೋದು ಯಾಕೆ ಅಂತ ಈಗ ತಿಳಿಯಿತಲ್ವಾ? ಹತ್ತಿ, ಸೆಣಬಿನ ಗಿರಣಿಗಳೂ ಇದೇ ಪುಡಿ ಬಳಸುತ್ತವೆ.

ಈ ಅಂಟಿನ ಹೆಸರು ಕ್ಸೈಲೋಗ್ಲುಕನ್. ನೀರು ಹೀರಿ ಹಿಗ್ಗುತ್ತದೆ, ತೇವ ಹಿಡಿದಿಡುತ್ತದೆ. ಅದಕ್ಕೇ ಇದನ್ನು ಶುದ್ಧ ಮಾಡಿ, ಕಣ್ಣು ಒಣಗುವವರಿಗೆ ಕೊಡುವ ಕೆಲವು ಐ ಡ್ರಾಪ್ಸ್‌ಗೂ ಸೇರಿಸುತ್ತಾರೆ. ಕಂಬಳಿಗೆ ಬಳಿಯುವ ಗಂಜಿ, ಕಣ್ಣಿಗೆ ಬಿಡುವ ಔಷಧಿ, ಎರಡಕ್ಕೂ ಒಂದೇ ಬೀಜ! ಇಡೀ ಮರದಲ್ಲಿ ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ಇದೇ. ಆದರೆ ಮನೆಯಲ್ಲಿ ಮಾಡಿಕೊಂಡು ಕಣ್ಣಿಗೆ ಹಾಕಬೇಡಿ, ದಯವಿಟ್ಟು.

ಟೈಮ್ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. ಹಣ್ಣಾದರೂ ಹುಳಿ ಯಾಕೆ ಹೋಗಲ್ಲ? ಸಕ್ಕರೆ ಏರುತ್ತದೆ, ಆದರೆ ಟಾರ್ಟಾರಿಕ್ ಆಮ್ಲ ಇಳಿಯುವುದಿಲ್ಲ. ಚಿಗುರು ಸಾರಿಗೆ, ಕಾಯಿ ತೊಕ್ಕಿಗೆ, ಹಣ್ಣು ಬೆಲ್ಲ, ಜೀರಿಗೆ ಜೊತೆ ಕುಟ್ಟುಂಡೆಗೆ. ಮಲಬದ್ಧತೆಗೂ ಹಳೇ ಮದ್ದು.

ಒಂದು ವಿಷಯ ಮಾತ್ರ ಹೇಳಲೇಬೇಕು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ ಅದು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಾಲಾ ಹುಡುಗರಿಗೆ 18 ದಿನ, ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟಾಗ ಮೂತ್ರದಲ್ಲಿ ಹೆಚ್ಚು ಫ್ಲೋರೈಡ್ ಹೊರಹೋಯಿತು. ಒಳ್ಳೆಯ ಸುದ್ದಿ, ನಿಜ. ಹಾಗಂತ ಸಾರು ಉಂಡರೆ ಆಯಿತು ಅಂತ ಸುಮ್ನೆ ಕೂರಬೇಡಿ. ಹುಣಸೆ ನೀರನ್ನು ಬದಲಿಸುವುದಿಲ್ಲ. ನಿಮ್ಮೂರ ಬೋರ್ ನೀರನ್ನು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಅದು ಕುಡಿಯುವುದಕ್ಕೂ ಬೇಡ, ಅಡುಗೆಗೂ ಬೇಡ.