ಚಳಿಗಾಲದ ಬೆಳಗು ಮತ್ತು ಸಾಬೂನಿನ ಗುಳ್ಳೆ

ಕೇಳುಗರಿಗೆಲ್ಲ ನಮಸ್ಕಾರ. ಧಾರವಾಡದ ಚಳಿಯಲ್ಲಿ ಹೊದಿಕೆ ಬಿಟ್ಟು ಏಳೋದೇ ಕಷ್ಟ. ಅದರಲ್ಲಿ ಮಕ್ಕಳು ಬಚ್ಚಲಲ್ಲಿ ಸಾಬೂನಿನ ಗುಳ್ಳೆ ಊದುತ್ತ ಸಾಲಿಗೆ ತಡ ಮಾಡಿದರೆ ಸಿಟ್ಟು ಬರುತ್ತದೆ, ಅಲ್ವಾ? ಇವತ್ತೊಂದು ದಿನ ಬೈಬೇಡಿ. ಅವರ ಕೈಯಲ್ಲಿರೋದು ಭೌತವಿಜ್ಞಾನ.

ಒಂದೇ ಮಾತು ನೆನಪಿಡಿ. ನೀರು ತನ್ನ ಮೇಲ್ಮೈಯನ್ನು ಸದಾ ಬಿಗಿಯಾಗಿ ಎಳೆದುಕೊಳ್ಳುತ್ತದೆ. ಇದೇ ಮೇಲ್ಮೈ ಎಳೆತ. ನಳದ ತುದಿಯಲ್ಲಿ ಹನಿ ದುಂಡಗೆ ತೂಗುವುದು, ಉಣಕಲ್ ಕೆರೆಯ ನೀರಿನ ಮೇಲೆ ಹುಳ ಮುಳುಗದೆ ಓಡಾಡುವುದು, ಎಲ್ಲ ಇದರಿಂದಲೇ. ಬರೀ ನೀರಲ್ಲಿ ಎಳೆತ ಜಾಸ್ತಿ, ಗುಳ್ಳೆ ನಿಲ್ಲೋದಿಲ್ಲ. ಸಾಬೂನು ಬಿದ್ದರೆ ಎಳೆತ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಆಗ ನೀರಿನ ಪೊರೆ ಹಿಗ್ಗುತ್ತದೆ.

ಇದನ್ನು ಅಳೆದು ತೋರಿಸಿದ ಒಬ್ಬ ಹೆಣ್ಣುಮಗಳ ಕತೆ ಹೇಳಲೇಬೇಕು. ಹೆಸರು ಆಗ್ನೆಸ್ ಪೊಕೆಲ್ಸ್, ಹುಟ್ಟಿದ್ದು 1862ರಲ್ಲಿ, ಇದ್ದದ್ದು ಜರ್ಮನಿಯಲ್ಲಿ. ಹೆಣ್ಣುಮಕ್ಕಳಿಗೆ ಅಲ್ಲಿನ ವಿಶ್ವವಿದ್ಯಾಲಯದ ಬಾಗಿಲು ಆಗ ಮುಚ್ಚಿತ್ತು. ಮನೆಗೆಲಸ, ಕಾಯಿಲೆಯ ತಂದೆತಾಯಿಯ ಆರೈಕೆ, ಇಷ್ಟೇ ಬದುಕು. ಆದರೂ ಅಡುಗೆಮನೆಯಲ್ಲೇ ತಗಡಿನ ತೊಟ್ಟಿ ಇಟ್ಟುಕೊಂಡಳು. ನೀರಿನ ಮೇಲೆ ಒಂದು ಗುಂಡಿ, ಹೌದು, ಅಂಗಿಯ ಗುಂಡಿಯೇ! ಅದನ್ನು ತಕ್ಕಡಿಗೆ ಕಟ್ಟಿ, ನೀರಿನಿಂದ ಬಿಡಿಸಲು ಎಷ್ಟು ಬಲ ಬೇಕು ಅಂತ ಅಳೆದಳು. ಎಣ್ಣೆಯ ಜಿಡ್ಡು ಬಿದ್ದರೆ ಎಳೆತ ಎಷ್ಟು ಇಳಿಯುತ್ತದೆ ಅಂತಲೂ ನೋಡಿದಳು. ಕೊನೆಗೆ ಇಂಗ್ಲೆಂಡಿನ ದೊಡ್ಡ ವಿಜ್ಞಾನಿ ರೇಲಿಯವರಿಗೆ ಕಾಗದ ಬರೆದಳು. ಅವರ ಹೆಂಡತಿ ಅದನ್ನು ಇಂಗ್ಲಿಷಿಗೆ ತಂದರು. 1891ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಚ್ಚಾಯಿತು. ಆಕೆಯ ದಾರಿಯಲ್ಲೇ ಮುಂದೆ ಹೋದ ಅಮೆರಿಕದ ವಿಜ್ಞಾನಿ ಲ್ಯಾಂಗ್ಮೂರ್ ಅವರಿಗೆ 1932ರಲ್ಲಿ ನೊಬೆಲ್ ಬಂತು. ಅಡುಗೆಮನೆಯಲ್ಲಿ ವಿಜ್ಞಾನ ಎಲ್ಲಿದೆ ಅಂತ ಇನ್ನೂ ಕೇಳ್ತಾರಲ್ಲ, ಅವರಿಗೆ ಇದನ್ನು ಹೇಳಿ.

ಸಮಯ ಕಡಿಮೆ ಇದೆ, ಚಳಿಗಾಲಕ್ಕೆ ಬರುತ್ತೇನೆ. ಗುಳ್ಳೆಯ ಪೊರೆಯಲ್ಲಿರುವ ನೀರು ಆರಿದರೆ ಗುಳ್ಳೆ ಒಡೆಯುತ್ತದೆ. ನಮ್ಮ ಕಡೆ ಮಧ್ಯಾಹ್ನದ ಒಣಗಾಳಿಗೆ ತುಟಿಯೇ ಬಿರಿಯುತ್ತದೆ, ಇನ್ನು ಗುಳ್ಳೆ ಉಳಿಯುತ್ತದೆಯೇ? ಮಂಜು ಬಿದ್ದ ಬೆಳಿಗ್ಗೆ ಊದಿ, ಜಾಸ್ತಿ ಹೊತ್ತು ಇರುತ್ತದೆ. ಸ್ವಲ್ಪ ಗ್ಲಿಸರಿನ್ ಹಾಕಿದರೆ ಇನ್ನೂ ಒಳ್ಳೆಯದು. ಬೋರ್‌ವೆಲ್‌ನ ಗಡಸು ನೀರು ಬೇಡ, ಅದರಲ್ಲಿ ಸಾಬೂನು ನೊರೆ ಬಿಡದೆ ಬಿಳಿ ಗಸಿಯಾಗುತ್ತದೆ. ಸಂಗ್ರಹಿಸಿದ ಮಳೆನೀರಿದ್ದರೆ ಬಳಸಿ.

ಊದಲು ಪಪ್ಪಾಯಿ ಎಲೆಯ ದಂಟು ಸಾಕು. ಬಿಸಿ ಉಸಿರು ಚಳಿಗಾಳಿಗಿಂತ ಹಗುರ. ಹಾಗಾಗಿ ಈ ತಿಂಗಳಲ್ಲಿ ಗುಳ್ಳೆ ಮೇಲಕ್ಕೂ ಏರುತ್ತದೆ. ಅದು ಒಡೆಯುವ ಮುಂಚೆ ನೆತ್ತಿಯ ಬಣ್ಣ ಮಾಸಿ ಕಪ್ಪಾಗುವುದನ್ನು ನೋಡಿ. ಅಲ್ಲಿ ಪೊರೆ ತೀರಾ ತೆಳ್ಳಗಾಗಿರುತ್ತದೆ. ನಾಳೆಯೇ ಮಾಡಿ, ಮಕ್ಕಳನ್ನೂ ಕರೆಯಿರಿ. ನಮಸ್ಕಾರ.