ಪ್ಲೈವುಡ್ ಕುದಿಸಿ ನೋಡಿದೆ! ಕ್ಯಾಂಪಿಂಗ್ ಟ್ರೇಲರ್‌ಗೆ ಯಾವ ಪ್ಲೈ ತರಬೇಕು?

[ದೃಶ್ಯ: ಗ್ಯಾಸ್ ಒಲೆ, ಕುದಿಯುವ ಪಾತ್ರೆ, ಆವಿ]

ನಮಸ್ಕಾರ್ರಿ. ಕಲಬುರಗಿ ಮನೆಯಲ್ಲಿ ಪಾತ್ರೆ ಕುದಿಯುತ್ತಿದೆ ಅಂದರೆ ಒಳಗೆ ತೊಗರಿ ಬೇಳೆ ಇರಬೇಕು, ಅಲ್ವಾ? ಇವತ್ತು ಪ್ಲೈವುಡ್ ಬೇಯುತ್ತಿದೆ. ಎರಡು ತುಂಡು. ಎರಡಕ್ಕೂ ಅಂಗಡಿಯಲ್ಲಿ ಹೇಳಿದ ಹೆಸರು ಒಂದೇ, "ವಾಟರ್‌ಪ್ರೂಫ್". ನಾಲ್ಕು ಗಂಟೆ ಬಿಟ್ಟು ಮುಚ್ಚಳ ತೆಗೆಯೋಣ.

ಅಷ್ಟರಲ್ಲಿ ನನ್ನ ಪೆದ್ದತನದ ಕಥೆ ಕೇಳಿ.

[ದೃಶ್ಯ: ಹಳೇ ಟ್ರೇಲರ್‌ನ ನೆಲ, ಉಬ್ಬಿದ ಅಂಚು]

ಕಾರಿನ ಹಿಂದೆ ಎಳೆದುಕೊಂಡು ಹೋಗುವ, ಇಬ್ಬರು ಮಲಗುವಷ್ಟು ಪುಟ್ಟ ಟ್ರೇಲರ್ ಮಾಡಿದ್ದೆ. ಮನೆಯ ಕಪಾಟು ಮಾಡಿಸಿ ಉಳಿದ ಪ್ಲೈ ಇತ್ತು. ಸುಮ್ನೆ ಯಾಕೆ ಬಿಸಾಡುವುದು ಅಂತ ಅದನ್ನೇ ನೆಲಕ್ಕೆ ಹಾಕಿದೆ. ಆಗಸ್ಟ್‌ನಲ್ಲಿ ಚಿಂಚೋಳಿ ಕಡೆ ಚಂದ್ರಂಪಳ್ಳಿಗೆ ಹೊರಟೆವು. ದಾರಿಯುದ್ದಕ್ಕೂ ಮಳೆ. ತಲೆ ಮೇಲಿನ ನೀರಿಗೆ ಟಾರ್ಪಾಲ್ ಇತ್ತು. ಚಕ್ರ ಕೆಳಗಿನಿಂದ ಎರಚುವ ನೀರಿಗೆ ಏನೂ ಇರಲಿಲ್ಲ. ವಾರ ಬಿಟ್ಟು ನೋಡಿದರೆ ನೆಲದ ಅಂಚು ಚಹಾದಲ್ಲಿ ಅದ್ದಿದ ಖಾರಿ ಬಿಸ್ಕತ್ ಆಗಿತ್ತು. ಪದರ ಪದರ ಬಿಚ್ಚಿಕೊಂಡು, ಬೆರಳಿಟ್ಟರೆ ಎದ್ದು ಬರುತ್ತಿತ್ತು.

ಪ್ಲೈ ಅಂದರೂ ಖಾರಿಯ ಹಾಗೇ. ತೆಳು ಮರದ ಹಾಳೆಗಳನ್ನು ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ ಇಟ್ಟು ಅಂಟಿಸಿ ಒತ್ತಿರುತ್ತಾರೆ. ಹಾಗಾಗಿ ಮಳೆಗೆ ತಡೆಯುತ್ತದೋ ಇಲ್ಲವೋ ಅನ್ನುವುದು ಮೊದಲು ಅಂಟಿನ ಪ್ರಶ್ನೆ, ಆಮೇಲೆ ಮರದ್ದು.

ಕಪಾಟಿಗೆ ಬಳಸುವ ಎಂಆರ್ ಪ್ಲೈನಲ್ಲಿ ಇರುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಎಂಆರ್ ಅಂದರೆ ತೇವ ತಡೆಯುವುದು, ನೀರು ತಡೆಯುವುದಲ್ಲ. ಗೋಡೆಯ ಥಂಡಿಗೆ ಸಾಕು, ಹೈವೇ ಮಳೆಗೆ ಸಾಲದು. ಮರೀನ್ ಪ್ಲೈ, ಅಂದರೆ ದೋಣಿಗೂ ಬಳಸುವ ಪ್ಲೈನಲ್ಲಿ, ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಅಂಚು ನೋಡಿದರೆ ಅಂಟಿನ ಗೆರೆ ಕಡು ಕಂದು. ಆದರೆ ಬಣ್ಣ ಒಂದನ್ನೇ ನಂಬಬೇಡಿ, ಅಂಟಿಗೆ ಬಣ್ಣ ಬೆರೆಸುವವರೂ ಇದ್ದಾರೆ.

[ದೃಶ್ಯ: ಶೀಟ್ ಮೇಲಿನ ಮುದ್ರೆ, ಹತ್ತಿರದಿಂದ]

ನಂಬಬೇಕಾದದ್ದು ಇದನ್ನು. ಐಎಸ್‌ಐ ಗುರುತು, ಅದರ ಮೇಲೆ ಐಎಸ್ 710 ಅಂತ ಇದೆಯಾ ನೋಡಿ. ಅದು ಮರೀನ್ ಪ್ಲೈನ ನಂಬರ್. ಐಎಸ್ 303 ಅಂದರೆ ಸಾಮಾನ್ಯ ಬಳಕೆಯದ್ದು. 710ರ ಪರೀಕ್ಷೆಯಲ್ಲಿ ತುಂಡನ್ನು 72 ಗಂಟೆ ಕುದಿಸುತ್ತಾರೆ. ನಾನೂ ಕುದಿಸುತ್ತಿದ್ದೆ, ಮನೆಯವರು ಸಿಲಿಂಡರ್ ಕಡೆ ತೋರಿಸಿದರು. ಮುದ್ರೆಯ ಕೆಳಗೆ ಸಿಎಂ/ಎಲ್ ಅಂತ ಲೈಸೆನ್ಸ್ ನಂಬರ್ ಇರುತ್ತದೆ. ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ (ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯದ್ದು) ಹಾಕಿ ನೋಡಿ. ಅಂಗಡಿಯವರು "ಏನ್ರಿ ಸಾಹೇಬ್ರ, ನಂಬಿಕಿ ಇಲ್ಲೇನು?" ಅಂತಾರೆ. ಅಂದುಕೊಳ್ಳಲಿ ಬಿಡಿ.

ಇನ್ನೊಂದು, ಕಿವಿಯ ಕೆಲಸ. ಶೀಟ್ ನಿಲ್ಲಿಸಿ ಬೆರಳಿನ ಗೆಣ್ಣಿನಿಂದ ಬಡಿಯುತ್ತಾ ಹೋಗಿ.

[ಶಬ್ದ: ಟಕ್ ಟಕ್ ಟಕ್... ಟೊಪ್]

ಈ "ಟೊಪ್" ಕೇಳಿಸಿತಾ? ಒಳಗೆ ಗ್ಯಾಪ್ ಇದೆ. ನೀರು ಹೊಕ್ಕರೆ ಅಲ್ಲೇ ಮನೆ ಮಾಡಿಕೊಳ್ಳುತ್ತದೆ. ಆ ಶೀಟ್ ಬೇಡ.

ಈಗ ತೂಕ. ಇಲ್ಲಿ ಎಲ್ಲರೂ ಎಡವುತ್ತಾರೆ. ಗಟ್ಟಿ ಇರಲಿ ಅಂತ ಎಲ್ಲದಕ್ಕೂ 18 ಎಂಎಂ ಹಾಕುತ್ತಾರೆ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಂದು 18 ಎಂಎಂ ಶೀಟ್ ಹತ್ತಿರ ಹತ್ತಿರ 35 ಕೆಜಿ. ಐದು ಶೀಟ್ ಅಂದರೆ 175. ಎಳೆಯುವುದು ನಿಮ್ಮ ಕಾರು, ಟ್ರ್ಯಾಕ್ಟರ್ ಅಲ್ಲ! ನಾನು ಎರಡನೇ ಸಲ ಕಬ್ಬಿಣದ ಫ್ರೇಮ್ ಮೇಲೆ ನೆಲಕ್ಕೆ 12 ಎಂಎಂ ಒಂದು, ಗೋಡೆಗೆ 9 ಎಂಎಂ ಎರಡು, ಚಾವಣಿಗೆ 6 ಎಂಎಂ ಎರಡು ಹಾಕಿದೆ. ಎಲ್ಲ ಸೇರಿ ಸುಮಾರು 82 ಕೆಜಿ. ಗೋಡೆಗೆ ಒಳಗಿನಿಂದ ಮರದ ಪಟ್ಟಿ ಕೊಟ್ಟರೆ 9 ಎಂಎಂ ಧಾರಾಳ ಸಾಕು.

ಮರೀನ್ ತಂದೆವು, ಮುಗೀತು ಅಂದುಕೊಳ್ಳಬೇಡಿ. ಅಂಟು ಬಿಡುವುದಿಲ್ಲ ಸರಿ, ಆದರೆ ಮರ ನೀರು ಕುಡಿದೇ ಕುಡಿಯುತ್ತದೆ. ಅದೂ ಹೆಚ್ಚಾಗಿ ಕತ್ತರಿಸಿದ ಅಂಚಿನಿಂದ. ಅಲ್ಲಿ ಮರದ ನಾಳಗಳ ಬಾಯಿ ತೆರೆದಿರುತ್ತದೆ.

[ದೃಶ್ಯ: ಬ್ರಷ್, ಅಂಚಿಗೆ ಎಪಾಕ್ಸಿ]

ಅದಕ್ಕೇ ಅಂಚಿಗೆ ಎಪಾಕ್ಸಿ, ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ. ನೋಡಿ, ಮೊದಲ ಕೋಟ್ ಹಚ್ಚಿದ ತಕ್ಷಣ ಅಂಚು ಅದನ್ನು ಎಳೆದುಕೊಂಡು ಮತ್ತೆ ಮಂಕಾಯಿತು. ಎರಡನೇ ಕೋಟ್‌ಗೂ ಅಷ್ಟೇ. ಮೂರನೆಯದು ಹೊಳೆಯುತ್ತಾ ಮೇಲೇ ನಿಂತಿತು. ಈಗ ಹೊಟ್ಟೆ ತುಂಬಿತು ಅಂತ ಅರ್ಥ. ಸ್ಕ್ರೂ ತೂತಿಗೂ ಇದೇ ಉಪಚಾರ. ಸ್ವಲ್ಪ ದೊಡ್ಡ ತೂತು ಕೊರೆದು ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯಿರಿ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಜೋಡಣೆಗಳ ಸಂದು ಮುಚ್ಚಲು ಪಿಯು (ಪಾಲಿಯುರೆಥೇನ್) ಸೀಲೆಂಟ್. ಸಿಲಿಕಾನ್ ಬೇಡ, ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ. ನೆಲದ ಅಡಿಭಾಗ ಫ್ರೇಮ್‌ಗೆ ಕೂರಿಸುವ ಮೊದಲೇ ಎಪಾಕ್ಸಿ ಬಳಿದುಬಿಡಿ, ಆಮೇಲೆ ಕೈ ಹೋಗುವುದಿಲ್ಲ.

ಎಪಾಕ್ಸಿ ಮೇಲೆ ಪೇಂಟ್ ಬೇಕೇ ಬೇಕು. ಬಿಸಿಲು ಬಿದ್ದರೆ ಎಪಾಕ್ಸಿ ಹಳದಿ ತಿರುಗಿ ಬಿರುಕು ಬಿಡುತ್ತದೆ. ನಮ್ಮ ಮೇ ತಿಂಗಳ ಬಿಸಿಲು ನಿಮಗೆ ಹೇಳಬೇಕಾ! ಬಿಳಿ ಬಣ್ಣವೇ ಇರಲಿ. ಕಪ್ಪು ಟ್ರೇಲರ್ ಫೋಟೋದಲ್ಲಿ ಚೆಂದ, ಒಳಗೆ ಮಲಗಿದವನ ಪಾಡು ತಂದೂರಿ ರೊಟ್ಟಿಯದು.

ಹಾಂ, ಕಬ್ಬಿಣ ಕಡಿಸುವ ಮೊದಲು ಆರ್‌ಟಿಓ ಕಚೇರಿಗೆ ಹೋಗಿ ಬನ್ನಿ. ಟ್ರೇಲರ್‌ಗೂ ನೋಂದಣಿ ಬೇಕು.

[ದೃಶ್ಯ: ಪಾತ್ರೆ, ಮುಚ್ಚಳ ತೆಗೆಯುವ ಕೈ]

ನಾಲ್ಕು ಗಂಟೆ ಆಯಿತು. ಇದು 710. ಚಾಕು ತುದಿ ಪದರದ ನಡುವೆ ತೂರಿಸುತ್ತಿದ್ದೇನೆ... ಹೋಗುತ್ತಿಲ್ಲ. ಇನ್ನೊಂದು? ಇಕ್ಕಳದಲ್ಲಿ ಎತ್ತಿದೆ, ಅರ್ಧ ಪಾತ್ರೆಯಲ್ಲೇ ಉಳಿಯಿತು. ಈ ಪಾತ್ರೆ ಇನ್ನು ಅಡುಗೆಮನೆಗೆ ವಾಪಸ್ ಬರುವ ಹಾಗಿಲ್ಲ ಅಂತ ಆಗಲೇ ಆರ್ಡರ್ ಆಗಿದೆ.