ಪೆಟ್ರೋಲ್ ತಣ್ಣಗೆ ಮಾಡಿದರೆ ಕಾರಿಗೆ ಪವರ್ ಬರುತ್ತಾ?

ನಮಸ್ಕಾರ. ಬೇಸಿಗೆ ಶುರುವಾದರೆ ಸಾಕು, ಕಾರು ಇಟ್ಟುಕೊಂಡಿರುವ ಹುಡುಗರು ಕೇಳುವ ಪ್ರಶ್ನೆ ಇದು. ಇಂಜಿನ್‌ಗೆ ಹೋಗುವ ಪೆಟ್ರೋಲನ್ನು ತಣ್ಣಗೆ ಮಾಡಿದರೆ ಪಿಕಪ್ ಜಾಸ್ತಿ ಆಗುತ್ತಾ? ಪೆಟ್ರೋಲ್ ಪೈಪಿಗೆ ಒಂದು ಕೂಲರ್ ಹಾಕಿಸಿಬಿಡಲಾ?

ಬೇಡ. ದಿನಾ ಆಫೀಸಿಗೆ, ಊರಿಗೆ ಓಡಿಸುವ ಪೆಟ್ರೋಲ್ ಕಾರಿಗೆ ಅದರಿಂದ ನಿಮಗೆ ಗೊತ್ತಾಗುವಷ್ಟು ಪವರ್ ಬರುವುದಿಲ್ಲ. ಹಾಕಿಸಲು ಹೋದರೆ ಅಪಾಯ ಬೇರೆ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ನಂಬಿಕೆಗೆ ಬಲ ಬಂದಿದ್ದು ರೇಸಿನಿಂದ. 1984ರಲ್ಲಿ ಫಾರ್ಮುಲಾ ಒನ್‌ನಲ್ಲಿ ರೇಸ್ ನಡುವೆ ಪೆಟ್ರೋಲ್ ತುಂಬುವುದನ್ನು ನಿಲ್ಲಿಸಿ, ಒಂದು ಕಾರಿಗೆ 220 ಲೀಟರ್ ಅಷ್ಟೇ ಅಂತ ಮಿತಿ ಹಾಕಿದರು. ಆಗಿನ ಟರ್ಬೊ (ಗಾಳಿಯನ್ನು ಒತ್ತಿ ತುಂಬುವ) ಇಂಜಿನ್‌ಗಳೋ ಪೆಟ್ರೋಲನ್ನು ಸಿಕ್ಕಾಪಟ್ಟೆ ಕುಡಿಯುತ್ತಿದ್ದವು. ತಂಡಗಳು ಏನು ಮಾಡಿದವು? ಪೆಟ್ರೋಲನ್ನು ಚೆನ್ನಾಗಿ ತಣ್ಣಗೆ ಮಾಡಿ ಟ್ಯಾಂಕಿಗೆ ತುಂಬಿದವು. ಪ್ರತಿ 10 ಡಿಗ್ರಿ ಇಳಿದಾಗ ಪೆಟ್ರೋಲ್ ಹೆಚ್ಚುಕಡಿಮೆ ಶೇಕಡಾ 1ರಷ್ಟು ಕುಗ್ಗುತ್ತದೆ. 40 ಡಿಗ್ರಿ ಇಳಿಸಿದರೆ ಅದೇ ಟ್ಯಾಂಕಿನಲ್ಲಿ 8-9 ಲೀಟರಿನಷ್ಟು ಪೆಟ್ರೋಲ್ ಜಾಸ್ತಿ ಹಿಡಿಯುತ್ತದೆ. ಅವರಿಗೆ ಬೇಕಾಗಿದ್ದು ಅದು, ಕೊನೆಯ ಲ್ಯಾಪ್ ತನಕ ಪೆಟ್ರೋಲ್ ಸಾಲಬೇಕಿತ್ತು. ಪೆಟ್ರೋಲ್ ತಂಪಾಯಿತು ಅಂತ ಇಂಜಿನ್‌ಗೆ ಬಲ ಬರಲಿಲ್ಲ.

ಅದಕ್ಕೇ ಆಮೇಲೆ ನಿಯಮ ಬಂತು, ಹೊರಗಿನ ಗಾಳಿಗಿಂತ 10 ಡಿಗ್ರಿಗಿಂತ ಜಾಸ್ತಿ ತಂಪು ಮಾಡುವ ಹಾಗಿಲ್ಲ ಅಂತ. 2007ರ ಬ್ರೆಜಿಲ್ ರೇಸ್ ನೆನಪಿದೆಯಾ? ಅದು ಮುಗಿದಾಗ ಇಡೀ ವರ್ಷದ ಲೆಕ್ಕದಲ್ಲಿ ಕಿಮಿ ರೈಕೋನೆನ್ 110 ಪಾಯಿಂಟ್, ಹ್ಯಾಮಿಲ್ಟನ್ 109. ಆ ರೇಸನ್ನು ಹ್ಯಾಮಿಲ್ಟನ್ ಮುಗಿಸಿದ್ದು 7ನೇ ಸ್ಥಾನದಲ್ಲಿ. ಅವನ ಮುಂದಿದ್ದ ವಿಲಿಯಮ್ಸ್ ಮತ್ತು ಬಿಎಂಡಬ್ಲ್ಯು ಕಾರುಗಳ ಪೆಟ್ರೋಲ್ ಮಿತಿಗಿಂತ ತಂಪಾಗಿತ್ತು ಅಂತ ದೂರು ಎದ್ದಿತು. ಆ ಮೂರು ಕಾರುಗಳನ್ನು ಹೊರಗೆ ಹಾಕಿದ್ದರೆ ಹ್ಯಾಮಿಲ್ಟನ್ 4ನೇ ಸ್ಥಾನಕ್ಕೆ ಬಂದು ಚಾಂಪಿಯನ್ ಆಗಿಬಿಡುತ್ತಿದ್ದ! ಹಾಗಾಗಲಿಲ್ಲ, ಅದು ಬೇರೆ ವಿಷಯ. ಆ ಹೊತ್ತಿಗೆ ರೇಸ್ ನಡುವೆ ಪೆಟ್ರೋಲ್ ತುಂಬಲು ಮತ್ತೆ ಬಿಟ್ಟಿದ್ದರು, ಅಲ್ಲೂ ಲೆಕ್ಕ ಇದೇ. ತುಂಬುವ ಪೈಪಿನಲ್ಲಿ ಬರುವ ಅಷ್ಟೇ ಲೀಟರಿನಲ್ಲಿ ತೂಕ ಜಾಸ್ತಿ ಬರುತ್ತದೆ, ಪಿಟ್‌ನಲ್ಲಿ (ಕಾರು ನಿಲ್ಲಿಸಿ ಪೆಟ್ರೋಲ್ ತುಂಬುವ ಜಾಗ) ಸಮಯ ಉಳಿಯುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಕಥೆಯೂ ಇದೆ, ನನಗೆ ತುಂಬ ಇಷ್ಟವಾದದ್ದು. 1988ರಲ್ಲಿ ಮೆಕ್‌ಲಾರೆನ್ 16 ರೇಸಿನಲ್ಲಿ 15 ಗೆದ್ದಿತು, ಸೆನ್ನಾ ಮತ್ತು ಪ್ರಾಸ್ಟ್ ಓಡಿಸಿದ ಕಾರು. ಅದರ ಹೋಂಡಾ ಇಂಜಿನ್‌ಗೆ ಹೋಗುತ್ತಿದ್ದ ಪೆಟ್ರೋಲನ್ನು ತಂಪು ಮಾಡಲಿಲ್ಲ, ಸುಮಾರು 80 ಡಿಗ್ರಿಗೆ ಬಿಸಿ ಮಾಡಿದರು! ಆ ಪೆಟ್ರೋಲಿನಲ್ಲಿ ಬಹುಪಾಲು ಟೊಲೂಯಿನ್ ಅನ್ನುವ ರಾಸಾಯನಿಕ ಇತ್ತು, ತಣ್ಣಗಿದ್ದರೆ ಅದು ಸರಿಯಾಗಿ ಆವಿಯಾಗುವುದಿಲ್ಲ. ಆವಿಯಾಗದ ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಸುಮ್ನೆ ಇಂಜಿನ್ನಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಿಮ್ಮ ಕಾರು ಜಾಸ್ತಿ ಪೆಟ್ರೋಲ್ ಕುಡಿಯುವುದಕ್ಕೂ ದೊಡ್ಡ ಕಾರಣ ಇದೇ.

ಈಗ ನಿಮ್ಮ ಕಾರಿಗೆ ಬರೋಣ. ಪವರ್ ಎಷ್ಟು ಅಂತ ತೀರ್ಮಾನ ಮಾಡುವುದು ಸಿಲಿಂಡರಿನೊಳಗೆ ಹೋಗುವ ಗಾಳಿ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ತಣ್ಣಗಿನ, ದಟ್ಟವಾದ ಪೆಟ್ರೋಲ್ ಬಂದರೆ ಏನಾಗುತ್ತದೆ? ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಜಾಸ್ತಿ ಆಯಿತು ಅಂತ ಹೇಳುತ್ತದೆ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ತೆರೆಯುವ ಸಮಯ ಕಡಿಮೆ ಮಾಡಿ ಮೊದಲಿನ ಪ್ರಮಾಣಕ್ಕೇ ತಂದುಬಿಡುತ್ತದೆ. ಅಲ್ಲಿಗೆ ಕಥೆ ಮುಗಿಯಿತು.

'ತಂಪು ಪೆಟ್ರೋಲ್ ಗಾಳಿಯನ್ನೂ ತಂಪು ಮಾಡುತ್ತಲ್ವಾ' ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಪೆಟ್ರೋಲನ್ನು 30 ಡಿಗ್ರಿ ಇಳಿಸಿ, ಆ ತಂಪೆಲ್ಲ ಗಾಳಿಗೇ ಸಿಕ್ಕಿತು ಅಂದುಕೊಂಡರೂ ಗಾಳಿ ಇಳಿಯುವುದು 4-5 ಡಿಗ್ರಿ, ಅಂದರೆ ಗಾಳಿ ದಟ್ಟವಾಗುವುದು ಶೇಕಡಾ ಒಂದೂವರೆಯಷ್ಟು. ಅಷ್ಟೂ ಸಿಗುವುದಿಲ್ಲ. ಏಕೆಂದರೆ ಪೆಟ್ರೋಲ್ ಬಿಸಿ ಇಂಜಿನ್ ಪಕ್ಕದ ಪೈಪಿನಲ್ಲೇ ಬರುತ್ತದೆ, ಎಷ್ಟೋ ಕಾರುಗಳಲ್ಲಿ ಸುಡುವ ವಾಲ್ವಿನ ಬೆನ್ನಿಗೆ ಸಿಂಪಡಣೆ ಆಗುತ್ತದೆ. ನಿಜವಾದ ತಂಪು ಸಿಗುವುದು ಪೆಟ್ರೋಲ್ ಆವಿಯಾಗುವಾಗ. ನೀವು ಕಷ್ಟಪಟ್ಟು ಇಳಿಸಿದ 30 ಡಿಗ್ರಿಗಿಂತ ಸುಮಾರು ಐದು ಪಟ್ಟು ಶಾಖವನ್ನು ಅದು ಆವಿಯಾಗುತ್ತಲೇ ಹೀರಿಕೊಳ್ಳುತ್ತದೆ, ಪುಕ್ಕಟೆಯಾಗಿ. ಸಿಲಿಂಡರಿನೊಳಗೇ ಪೆಟ್ರೋಲ್ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಳು ಇದನ್ನೇ ಬಳಸಿಕೊಂಡು ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಹೊತ್ತಿಕೊಂಡು ಇಂಜಿನ್ ಟಕಟಕ ಅನ್ನುವುದು) ಕಡಿಮೆ ಮಾಡುತ್ತವೆ. ತಂಪು ಮಾಡಲೇಬೇಕು ಅಂದರೆ ಗಾಳಿಯನ್ನು ಮಾಡಿ. ಟರ್ಬೊ ಕಾರಿನಲ್ಲಿ ಇಂಟರ್‌ಕೂಲರ್ ಇರುವುದೇ ಅದಕ್ಕೆ.

ಇಂಧನ ತಂಪಾಗಿರಬೇಕಾದ ಜಾಗಗಳೂ ಇವೆ. ಹಳೆಯ ಅಂಬಾಸಿಡರ್, ಪದ್ಮಿನಿ ಓಡಿಸಿದವರಿಗೆ ಗೊತ್ತು, ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಇಂಜಿನ್ ಮೇಲಿನ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು, ಅದು ಸರಿಯಾದ ಉಪಾಯವೇ. ಈಗಿನ ಕಾರಿನಲ್ಲಿ ಪಂಪ್ ಟ್ಯಾಂಕಿನೊಳಗಿದೆ, ಪೈಪಿನಲ್ಲಿ ಒತ್ತಡವೂ ಇದೆ, ಆ ತೊಂದರೆ ಅಪರೂಪ. ಇನ್ನು ಕಾಮನ್ ರೈಲ್ ಡೀಸೆಲ್, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ ಇಂಜಿನ್. ಅಲ್ಲಿ ಒತ್ತಡ 1600 ಬಾರ್, ಅದಕ್ಕೂ ಮೇಲೆ. ವಾಪಸ್ ಬರುವ ಡೀಸೆಲ್ ತುಂಬ ಬಿಸಿಯಾಗಿರುತ್ತದೆ, ಜಾಸ್ತಿ ತೆಳುವಾದರೆ ಪಂಪಿಗೆ ಲೂಬ್ರಿಕೇಶನ್ ಸಾಲದು. ಅದಕ್ಕೆ ಕೆಲವು ಡೀಸೆಲ್ ಗಾಡಿಗಳಿಗೆ ಕಂಪನಿಯೇ ಕೂಲರ್ ಕೊಟ್ಟಿರುತ್ತದೆ. ಪಂಪ್ ಉಳಿಸಲು ಕೊಟ್ಟಿದ್ದು ಅದು.

ಈಗ ಆ ಅಪಾಯದ ಮಾತು. ಹೊರಗಿನ ಕೂಲರ್ ಹಾಕಬೇಕು ಅಂದರೆ ಪೆಟ್ರೋಲ್ ಪೈಪ್ ಕತ್ತರಿಸಬೇಕು, ರಬ್ಬರ್ ಹೋಸ್ ತೂರಿಸಬೇಕು, ಕ್ಲಿಪ್ ಬಿಗಿಯಬೇಕು. ಆ ಪೈಪಿನಲ್ಲಿ ಸಾಮಾನ್ಯವಾಗಿ 3-4 ಬಾರ್ ಒತ್ತಡ ಇರುತ್ತದೆ, ಪಕ್ಕದಲ್ಲೇ ಕಾದ ಎಕ್ಸಾಸ್ಟ್. ಒಂದು ಕ್ಲಿಪ್ ಸಡಿಲವಾದರೆ ಬೆಂಕಿ ಹತ್ತಲು ಇನ್ನೇನು ಬೇಕು? ಆ ಕಾರಿನ ಹಿಂದಿನ ಸೀಟಿನಲ್ಲಿ ನಿಮ್ಮ ಮಕ್ಕಳು ಕೂರುತ್ತಾರೆ. ಈಗಾಗಲೇ ಹಾಕಿಸಿದ್ದರೆ ದಯವಿಟ್ಟು ಈ ವಾರವೇ ತೆಗೆಸಿ, ಕತ್ತರಿಸಿದ ಪೈಪನ್ನು ಜೋಡಿಸಲು ಬಿಡಬೇಡಿ, ಕಂಪನಿಯ ಹೊಸ ಪೈಪನ್ನೇ ಹಾಕಿಸಿ.